ಕೊನೆಯ ಪುಟಗಳಿಲ್ಲದ ‘ಡ್ಯೂನ್’

ನನ್ನ ಬಳಿ ಇರುವ ‘ಡ್ಯೂನ್’ ಕಾದಂಬರಿಯ ಪ್ರತಿಯನ್ನು 1998ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ 35 ರೂಪಾಯಿಗೆ ಕೊಂಡಿದ್ದೆ. ಮುಖಪುಟ ಮಾಸಿತ್ತು, ಬೆನ್ನಿನ ಅಂಟು ಬಿಟ್ಟಿತ್ತು, ಮಾರುವವನು ಅದಕ್ಕೆ ಸೆಣಬಿನ ದಾರವನ್ನು ಅಡ್ಡಡ್ಡ ಬಿಗಿದು ಇಟ್ಟಿದ್ದ. ಬಂಗಾರಪೇಟೆಯ ಕಡೆಗೆ ಹೋಗುವ ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ, ಸೀಟು ಸಿಕ್ಕ ದಿನ ಕುಳಿತು, ಸಿಗದ ದಿನ ಬಾಗಿಲ ಬಳಿ ನಿಂತು, ಸುಮಾರು ಒಂದೂವರೆ ತಿಂಗಳಲ್ಲಿ ಅದನ್ನು ಓದಿ ಮುಗಿಸಿದೆ. ಇಂಗ್ಲಿಷು ಅಷ್ಟೇನೂ ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಇಂಗ್ಲಿಷಲ್ಲದ ಪದಗಳು. ಪುಟಕ್ಕೆ ನಾಲ್ಕರಂತೆ ಎದುರಾಗುತ್ತಿದ್ದ ಆ ವಿಚಿತ್ರ ಹೆಸರುಗಳನ್ನು ಲೇಖಕ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲವಲ್ಲ ಎಂದು ಬೈದುಕೊಳ್ಳುತ್ತಲೇ ಓದಿದ್ದೆ. ಪುಸ್ತಕದ ಕೊನೆಯಲ್ಲಿ ಒಂದು ಪದಕೋಶವೂ ನಾಲ್ಕು ಅನುಬಂಧಗಳೂ ಇವೆ, ನನ್ನ ಪ್ರತಿಯಲ್ಲಿ ಆ ಪುಟಗಳಷ್ಟೂ ಕಿತ್ತುಹೋಗಿವೆ ಎಂಬುದು ತಿಳಿದದ್ದು ಹತ್ತು ವರ್ಷ ಕಳೆದ ಮೇಲೆ. ಕತೆ ಮುಗಿದಿತ್ತಾದ್ದರಿಂದ ಏನೋ ಕಳೆದಿದೆ ಎಂಬ ಅನುಮಾನವೇ ನನಗೆ ಬಂದಿರಲಿಲ್ಲ.

ಈಚೆಗೆ ಬಂದ ಎರಡು ಸಿನಿಮಾಗಳನ್ನು ನೋಡಿದ ಹುಡುಗರು, ಅದರಲ್ಲೂ ಕೋಲಾರದ ನನ್ನ ಹಳೆಯ ವಿದ್ಯಾರ್ಥಿಗಳು, ಪುಸ್ತಕವನ್ನೂ ಓದಬೇಕೇ ಎಂದು ಕೇಳುತ್ತಾರೆ. ಓದಬೇಕು, ಅದೂ ಒಂದಕ್ಕೇ ನಿಲ್ಲಿಸದೆ ಕನಿಷ್ಠ ನಾಲ್ಕನೆಯದರವರೆಗೆ ಓದಬೇಕು ಎಂಬುದು ನನ್ನ ಉತ್ತರ. ಮೊದಲ ಪುಸ್ತಕಕ್ಕೇ ನಿಂತವರು ಅದನ್ನು ಒಬ್ಬ ವೀರನ ಗೆಲುವಿನ ಕತೆಯೆಂದುಕೊಂಡು ಮುಚ್ಚಿಡುತ್ತಾರೆ. ನೀರು ತರುತ್ತೇನೆಂದು ಬಂದವನ ಬೆನ್ನಿಗೆ ಬಿದ್ದ ಬರಗಾಲದ ಜನ ಮುಂದೆ ಏನಾದರು ಎಂಬುದೇ ನಿಜವಾದ ಕತೆಯೆಂದು ಗೊತ್ತಾಗುವುದು ಮುಂದಿನ ಪುಸ್ತಕಗಳಲ್ಲಿ. ಈ ಕತೆ ನಮ್ಮ ಜಿಲ್ಲೆಯವರಿಗೆ ಉಳಿದವರಿಗಿಂತ ಒಂದು ಗುಟುಕು ಹೆಚ್ಚು ಅರ್ಥವಾಗುತ್ತದೆ ಎಂಬ ಸಣ್ಣ ಹಮ್ಮು ನನಗಿದೆ.

ಗೊತ್ತಿಲ್ಲದವರಿಗಾಗಿ ಕತೆಯ ಎಲುಬನ್ನಷ್ಟೇ ಹೇಳುತ್ತೇನೆ. ಹತ್ತು ಸಾವಿರ ವರ್ಷಗಳಿಗೂ ಆಚೆಯ ಭವಿಷ್ಯದಲ್ಲಿ ಅರಾಕಿಸ್ ಎಂಬ ಮರಳ ಗ್ರಹವಿದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ನಡೆಸಲು ಬೇಕೇ ಬೇಕಾದ, ಆಯುಷ್ಯವನ್ನೂ ಹೆಚ್ಚಿಸುವ ಮೆಲಾಂಜ್ ಎಂಬ ಮಸಾಲೆ ಆ ಒಂದು ಗ್ರಹದಲ್ಲಿ ಮಾತ್ರ ಸಿಗುತ್ತದೆ. ಚಕ್ರವರ್ತಿ ಅದರ ಗುತ್ತಿಗೆಯನ್ನು ಹಾರ್ಕೊನೆನ್ ಮನೆತನದಿಂದ ಕಿತ್ತು ಅಟ್ರೈಡಿಸ್ ಮನೆತನಕ್ಕೆ ಕೊಟ್ಟಂತೆ ಮಾಡಿ, ಹಿಂದಿನಿಂದ ಆ ಮನೆತನವನ್ನೇ ನಾಶಮಾಡಲು ಹೊಂಚು ಹಾಕುತ್ತಾನೆ. ಮನೆತನದ ಕುಡಿ ಪಾಲ್, ತಾಯಿ ಜೆಸ್ಸಿಕಾಳೊಂದಿಗೆ ಮರಳುಗಾಡಿಗೆ ಓಡಿಹೋಗಿ, ಅಲ್ಲಿನ ಮೂಲನಿವಾಸಿಗಳಾದ ಫ್ರೆಮೆನ್ ಜನರ ನಡುವೆ ಬೆಳೆದು, ಅವರು ಕಾಯುತ್ತಿದ್ದ ಪ್ರವಾದಿ ತಾನೇ ಎಂಬಂತೆ ನಿಂತು ಸಾಮ್ರಾಜ್ಯವನ್ನು ಗೆಲ್ಲುತ್ತಾನೆ. ಆ ಭವಿಷ್ಯವಾಣಿಯಾದರೋ ಬೆನೆ ಜೆಸ್ಸೆರಿಟ್ ಎಂಬ ಸನ್ಯಾಸಿನಿಯರ ಪಂಥವು, ಎಂದಾದರೂ ತಮ್ಮವರಿಗೆ ಆಸರೆಯಾದೀತೆಂದು, ಶತಮಾನಗಳ ಹಿಂದೆಯೇ ಆ ಜನರ ನಡುವೆ ಬಿತ್ತಿಟ್ಟ ಕಟ್ಟುಕತೆ. ಲೇಖಕ ಫ್ರಾಂಕ್ ಹರ್ಬರ್ಟ್ ಇದನ್ನು ಎಲ್ಲಿಯೂ ಮುಚ್ಚಿಡುವುದಿಲ್ಲ. ಓದುವಾಗ ನಾವೇ ಮರೆತುಬಿಡುತ್ತೇವೆ.

ನನ್ನನ್ನು ಹಿಡಿದು ಕೂರಿಸಿದ್ದು ಯುದ್ಧವೂ ಅಲ್ಲ, ಮರಳಿನಡಿ ಈಜುವ ದೈತ್ಯ ಹುಳುಗಳೂ ಅಲ್ಲ. ಅಟ್ರೈಡಿಸ್ ಮನೆತನ ಅರಾಕಿಸಿಗೆ ಬಂದಿಳಿದ ಹೊಸತರಲ್ಲಿ ಒಂದು ಔತಣದ ಪ್ರಸಂಗ ಬರುತ್ತದೆ. ಊಟದ ಮನೆಯ ಬಾಗಿಲಲ್ಲಿ ನೀರು ತುಂಬಿದ ಬೋಗುಣಿಗಳಿವೆ. ಬಂದ ಅತಿಥಿ ಶಿಷ್ಟಾಚಾರದಂತೆ ಅದರಲ್ಲಿ ಕೈ ಅದ್ದಿ, ಒಂದಷ್ಟು ನೀರನ್ನು ನೆಲಕ್ಕೆ ಚೆಲ್ಲಿ, ಟವೆಲಿನಲ್ಲಿ ಕೈ ಒರೆಸಿ, ಆ ಒದ್ದೆ ಟವೆಲನ್ನು ನೆಲದ ನೀರಿನ ಮೇಲೆ ಎಸೆಯಬೇಕು. ಊಟ ಮುಗಿದ ಮೇಲೆ ಹೊರಗೆ ಕಾದು ನಿಂತ ಭಿಕ್ಷುಕರು ಆ ಟವೆಲುಗಳನ್ನು ಹಿಂಡಿದ ನೀರನ್ನು ಪಡೆಯುತ್ತಾರೆ. ಪಾಲ್‌ನ ತಂದೆ ಡ್ಯೂಕ್ ಲೆಟೊ ಈ ಪದ್ಧತಿಯನ್ನು ಅಲ್ಲೇ ನಿಲ್ಲಿಸಿ, ಊಟದ ಹೊತ್ತಿಗೆ ಬಾಗಿಲಿಗೆ ಬಂದವರಿಗೆಲ್ಲ ಒಂದೊಂದು ಬಟ್ಟಲು ನೀರು ಕೊಡುವಂತೆ ಆಜ್ಞೆ ಮಾಡುತ್ತಾನೆ. ಅದೇ ಪಂಕ್ತಿಯಲ್ಲಿ ನೀರಿನ ವ್ಯಾಪಾರಿಯೊಬ್ಬನೂ ಕುಳಿತಿರುತ್ತಾನೆ. ಊರಿನ ಅತ್ಯಂತ ದೊಡ್ಡ ಶ್ರೀಮಂತರಲ್ಲಿ ಅವನೊಬ್ಬ. ಅರಮನೆಯ ಹೊರಗೆ ಇಪ್ಪತ್ತು ಖರ್ಜೂರದ ಮರಗಳಿವೆ: ಒಂದು ಮರಕ್ಕೆ ದಿನಕ್ಕೆ 40 ಲೀಟರ್ ನೀರು, ಒಬ್ಬ ಮನುಷ್ಯನಿಗೆ 8 ಲೀಟರ್, ಹಾಗಾದರೆ ಒಂದು ಮರವೆಂದರೆ ಐದು ಜನ, ಇಪ್ಪತ್ತು ಮರವೆಂದರೆ ನೂರು ಜನ. ದಾರಿಹೋಕರು ಆ ಮರಗಳನ್ನು ನೋಡುವ ನೋಟದಲ್ಲಿ ಈ ಲೆಕ್ಕವಿರುತ್ತದೆ.

ಈ ಪುಟಗಳನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಟ್ಯಾಂಕರ್ ಸಾಲು. ಬೆಳಗಿನ ಐದು ಗಂಟೆಗೆ ಹೆಂಗಸರು ಬಿಂದಿಗೆಯ ಬದಲು ಒಂದೊಂದು ಕಲ್ಲನ್ನಿಟ್ಟು ಸರದಿ ಹಿಡಿದು ಹೋಗುತ್ತಿದ್ದರು. ಯಾವ ಕಲ್ಲು ಯಾರ ಮನೆಯದೆಂದು ಎಲ್ಲರಿಗೂ ಗೊತ್ತಿತ್ತು. ಟ್ಯಾಂಕರಿನ ಪೈಪು ಹೊರಳುವಾಗ ನೆಲಕ್ಕೆ ಚೆಲ್ಲುತ್ತಿದ್ದ ನೀರಿಗೆ ಹುಡುಗರು ಚೊಂಬು ಒಡ್ಡುತ್ತಿದ್ದರು. ಅಜ್ಜಿ ಮಾತ್ರ, ಮನೆಗೆ ಬಂದವರ ಕಾಲಿಗೆ ಒಂದು ಚೊಂಬು ನೀರು ಕೊಡುವುದನ್ನು ಆ ವರ್ಷಗಳಲ್ಲೂ ಬಿಡಲಿಲ್ಲ. ಆದರೆ ಬಂದವರು ಆ ಚೊಂಬನ್ನು ಕೈಯಲ್ಲಿ ಮುಟ್ಟಿ, ಹಣೆಗೊತ್ತಿಕೊಂಡು, ನೀರನ್ನು ಹಾಗೆಯೇ ಹಿಂದಿರುಗಿಸುತ್ತಿದ್ದರು. ಫ್ರೆಮೆನ್ ನಾಯಕ ಸ್ಟಿಲ್ಗರ್ ಡ್ಯೂಕನ ಮೇಜಿನ ಮೇಲೆ ಉಗುಳಿದಾಗ ಕಾವಲಿನವರು ಕತ್ತಿಗೆ ಕೈ ಹಾಕುತ್ತಾರೆ, ತನ್ನ ಮೈಯ ತೇವವನ್ನೇ ಕಾಣಿಕೆ ಕೊಡುತ್ತಿದ್ದಾನೆ ಎಂದು ಒಬ್ಬನು ತಡೆದು ಬಿಡಿಸಿ ಹೇಳಬೇಕಾಗುತ್ತದೆ. ನನಗೆ ಆ ವಿವರಣೆಯ ಅಗತ್ಯ ಅಷ್ಟಾಗಿ ಬೀಳಲಿಲ್ಲ.

ಫ್ರೆಮೆನ್ನರು ಮೈಬೆವರನ್ನೂ ಉಸಿರಿನ ತೇವವನ್ನೂ ಸೋಸಿ ಮತ್ತೆ ಕುಡಿಯಲು ಕೊಡುವ ಉಡುಪನ್ನು ತೊಡುತ್ತಾರೆ, ಸತ್ತವರ ದೇಹದಿಂದ ನೀರು ತೆಗೆದು ಬುಡಕಟ್ಟಿನ ತೊಟ್ಟಿಗೆ ಸೇರಿಸುತ್ತಾರೆ. ಪಾಲ್‌ನ ಕೈಯಲ್ಲಿ ಸತ್ತ ಜಾಮಿಸ್ ಎಂಬವನ ನೀರನ್ನು ಅಳೆದಾಗ 33 ಲೀಟರಿಗೆ ಕೊಂಚ ಮೇಲೆ ಬರುತ್ತದೆ. ಆ ಲೆಕ್ಕಕ್ಕೆ ಲೋಹದ ಬಳೆಗಳನ್ನು ಕೊಡುತ್ತಾರೆ, ಹನಿಯೂ ತಪ್ಪದಂತೆ ಅಳೆಯುವ ನೀರಿನ ಒಡೆಯರು ಬೇರೆಯೇ ಇರುತ್ತಾರೆ. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ. ತೂಬು ಎತ್ತುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ತೀರ್ಮಾನಿಸುವುದು, ನೀರು ಕಡಿಮೆಯಾದ ವರ್ಷ ಎಲ್ಲರ ಪಾಲನ್ನೂ ಸಮನಾಗಿ ಇಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದು ಧಾನ್ಯದ ಪಾಲು ಒಯ್ಯುತ್ತಿದ್ದ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ನಮ್ಮ ಕಡೆ ನೀರಗಂಟಿ ಸಾಮಾನ್ಯವಾಗಿ ದಲಿತ. ಇಡೀ ಕೆರೆಯ ನೀರನ್ನು ಹಂಚುವ ಕೈಗೆ ಊರಬಾವಿಯ ಹಗ್ಗವನ್ನು ಮುಟ್ಟುವ ಹಕ್ಕಿರಲಿಲ್ಲ. ನೀರಿನ ಅಭಾವ ಜನರನ್ನು ಒಂದು ಮಾಡುತ್ತದೆ ಎಂದು ಹರ್ಬರ್ಟ್ ನಂಬಿದ್ದ. ಬರದಲ್ಲೂ ಮೈಲಿಗೆ ಒಣಗುವುದಿಲ್ಲ ಎಂಬುದು ಅವನ ಕಲ್ಪನೆಗೆ ಬಂದಿರಲಿಲ್ಲ. ಡ್ಯೂನ್ ಬಗ್ಗೆ ನನಗಿರುವ ತಕರಾರುಗಳಲ್ಲಿ ಇದು ಮೊದಲನೆಯದು.

ಇನ್ನು ಕಿತ್ತುಹೋದ ಪುಟಗಳ ವಿಷಯ. ಮೊದಲ ಅನುಬಂಧ ಅರಾಕಿಸಿನ ಪರಿಸರವನ್ನು ಕುರಿತದ್ದು. ಪಾರ್ಡಟ್ ಕೈನ್ಸ್ ಎಂಬ ಗ್ರಹವಿಜ್ಞಾನಿ ಫ್ರೆಮೆನ್ನರಿಗೆ ಹಸಿರಿನ ಕನಸು ಹಚ್ಚಿದ ಬಗೆ ಅದರಲ್ಲಿದೆ. ಗಾಳಿಯ ತೇವವನ್ನು ಹಿಡಿದು ಕೂಡಿಡಬೇಕು, ಮರಳ ದಿಬ್ಬಗಳ ಗಾಳಿಮರೆಯ ಇಳಿಜಾರಿಗೆ ಹುಲ್ಲು ನೆಟ್ಟು ಅವನ್ನು ಕದಲದಂತೆ ಮಾಡಬೇಕು, ಹುಲ್ಲು ಹಿಡಿದ ಮೇಲೆ ಪೊದೆ, ಪೊದೆಯ ಮೇಲೆ ಮರ. ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳಿದರೆ ಮುನ್ನೂರರಿಂದ ಐನೂರು ವರ್ಷ ಎನ್ನುತ್ತಾನೆ. ಜನ ಒಪ್ಪುತ್ತಾರೆ, ಮೊಮ್ಮಕ್ಕಳ ಮೊಮ್ಮಕ್ಕಳಿಗಾಗಿ ಇಂದು ಬಾಯಾರಿರಲು ಒಪ್ಪುತ್ತಾರೆ. ಇದು ಬರಿಯ ಕಲ್ಪನೆಯಲ್ಲ. 1957ರಲ್ಲಿ ಹರ್ಬರ್ಟ್ ಪತ್ರಕರ್ತನಾಗಿ ಅಮೆರಿಕದ ಒರೆಗಾನ್ ಕರಾವಳಿಯ ಫ್ಲಾರೆನ್ಸ್ ಎಂಬ ಊರಿಗೆ ಹೋಗಿದ್ದ. ಅಲ್ಲಿ ಗಾಳಿಗೆ ಸರಿಯುವ ಮರಳ ದಿಬ್ಬಗಳು ರಸ್ತೆ, ಮನೆಗಳನ್ನು ನುಂಗುತ್ತಿದ್ದವು, ಕೃಷಿ ಇಲಾಖೆ ಹುಲ್ಲು ನೆಟ್ಟು ಅವನ್ನು ತಡೆದಿತ್ತು. ಆ ಬಗ್ಗೆ ಬರೆಯಹೊರಟ ಲೇಖನ ಮುಗಿಯಲೇ ಇಲ್ಲ. ಕೂಡಿಟ್ಟ ಟಿಪ್ಪಣಿಗಳೇ ಬೆಳೆದು ಕಾದಂಬರಿಯಾದವು. 1963ರಿಂದ 1965ರವರೆಗೆ ‘ಅನಲಾಗ್’ ಪತ್ರಿಕೆಯಲ್ಲಿ ಎರಡು ಧಾರಾವಾಹಿಗಳಾಗಿ ಬಂದ ಅದನ್ನು ಇಪ್ಪತ್ತು ಪ್ರಕಾಶಕರು ಹಿಂದಿರುಗಿಸಿದ ಮೇಲೆ, ಕಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಸಂಸ್ಥೆ 1965ರಲ್ಲಿ ಪುಸ್ತಕವಾಗಿ ತಂದಿತು. ಮರುವರ್ಷ, ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನು ಮತ್ತೊಂದು ಕಾದಂಬರಿಯೊಂದಿಗೆ ಹಂಚಿಕೊಂಡಿತು, ನೆಬ್ಯುಲಾ ಪ್ರಶಸ್ತಿಯ ಮೊಟ್ಟಮೊದಲ ಕಾದಂಬರಿಯೂ ಅದೇ ಆಯಿತು.

ಈ ಕತೆಗೆ ಪುಸ್ತಕದ ಹೊರಗೆ ಒಂದು ಬಾಲವಿದೆ. ಒರೆಗಾನಿನಲ್ಲಿ ನೆಟ್ಟದ್ದು ಯುರೋಪಿನ ಕರಾವಳಿಯ ಹುಲ್ಲು. ಅದು ಮರಳನ್ನು ತಡೆದದ್ದು ನಿಜ, ಆದರೆ ತಡೆದು ಸುಮ್ಮನಾಗಲಿಲ್ಲ. ಬಯಲು ಮರಳಿನಲ್ಲಿ ಗೂಡುಕಟ್ಟುವ ಪುಟ್ಟ ಹಕ್ಕಿಗೆ ಜಾಗವಿಲ್ಲದಂತೆ ಹಬ್ಬಿತು. ಈಗ ಅಲ್ಲಿಯ ಅರಣ್ಯದವರು ಅದೇ ಹುಲ್ಲನ್ನು ಕೀಳಿಸುತ್ತಿದ್ದಾರೆ.

ಇದನ್ನು ತಿಳಿದ ದಿನ ನಾನು ನಮ್ಮ ಹೊಲದ ನೀಲಗಿರಿಯನ್ನು ನೆನೆದು ಒಬ್ಬನೇ ನಕ್ಕೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಜಿಲ್ಲೆಯ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಮಳೆ ಕೈಕೊಟ್ಟರೂ ಬೆಳೆಯುವ ಮರ, ದನ ಮೇಯದ ಮರ, ಕಾವಲು ಬೇಡದ ಮರ ಎಂದು ಜೀಪಿನಲ್ಲಿ ಬಂದವರು ಹೇಳಿದ ಮಾತನ್ನು ನಂಬಿ ತಂದೆ 1986ರಲ್ಲಿ ಎರಡೂವರೆ ಎಕರೆಗೆ ಸಸಿ ಹಾಕಿಸಿದರು. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮರ ಬೆಳೆಯಿತು, ಕಡಿದು ಮಾರಿದ ಹಣದಲ್ಲಿ ಅಕ್ಕನ ಮದುವೆಯಾಯಿತು. ಅದರ ಬೇರು ಎಷ್ಟು ಆಳಕ್ಕೆ ಹೋಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಪಕ್ಕದ ತೆರೆದ ಬಾವಿ ಬತ್ತಿತು. ಆಮೇಲೆ ಕೊರೆಸಿದ ಮೊದಲ ಬೋರಿಗೆ 280 ಅಡಿಗೆ ನೀರು ಬಂದಿದ್ದರೆ, ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರನ್ನು ಕರೆಸಿ ಹಾಕಿಸಿದ ಮೂರನೆಯದು 1,300 ಅಡಿಗೆ ಬರೀ ಕಲ್ಲುಪುಡಿ ಉಗುಳಿತು. ಬಾವಿಗಳು ಬತ್ತಿದ್ದಕ್ಕೆ ನೀಲಗಿರಿಯೊಂದೇ ಕಾರಣವೆನ್ನುವುದು ಅನ್ಯಾಯ. ಬೋರ್‌ವೆಲ್ಲುಗಳ ಪೈಪೋಟಿಯ ಪಾಲು ಇನ್ನೂ ದೊಡ್ಡದು. ತುಮಕೂರು ಜಿಲ್ಲೆಯಲ್ಲಿ 1983ರಲ್ಲೇ ರೈತರು ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿ ಬಂದಿದ್ದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಹರ್ಬರ್ಟನ ಮುಂದಿನ ಪುಸ್ತಕಗಳು ಇದೇ ದಾರಿಯಲ್ಲಿ ನಡೆಯುತ್ತವೆ. 1969ರ ‘ಡ್ಯೂನ್ ಮೆಸ್ಸಾಯ’ ಚಿಕ್ಕದು, ಕಹಿಯಾದದ್ದು. ಪಾಲ್ ಗೆದ್ದು ಹನ್ನೆರಡು ವರ್ಷವಾಗಿದೆ, ಅವನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ 6,100 ಕೋಟಿ ಜನ ಸತ್ತಿದ್ದಾರೆ, ಆ ಸಂಖ್ಯೆಯನ್ನು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಮೊದಲ ಕತೆಯನ್ನು ಹೊಗಳಿ ಅಚ್ಚು ಮಾಡಿದ್ದ ‘ಅನಲಾಗ್’ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಇದನ್ನು ಒಪ್ಪಲಿಲ್ಲ. ವೀರನನ್ನು ಹೀಗೆ ಕೆಳಗಿಳಿಸುವುದು ಅವನಿಗೆ ಹಿಡಿಸಲಿಲ್ಲ. ನನಗೂ ಮೊದಲ ಓದಿನಲ್ಲಿ ಹಿಡಿಸಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. 1976ರ ‘ಚಿಲ್ಡ್ರನ್ ಆಫ್ ಡ್ಯೂನ್’ ಹೊತ್ತಿಗೆ ಗ್ರಹ ಹಸಿರಾಗತೊಡಗಿದೆ. ಎಳೆಯ ಫ್ರೆಮೆನ್ನರು ನೀರು ಸೋಸುವ ಉಡುಪನ್ನು ಸರಿಯಾಗಿ ತೊಡುವುದಿಲ್ಲ, ಪಟ್ಟಣದವರಿಗೆ ಅದು ತೋರಿಕೆಯ ವೇಷವಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮರಳ ಹುಳುಗಳಿಗೆ ನೀರು ವಿಷ. ಹಸಿರು ಹಬ್ಬಿದಷ್ಟೂ ಹುಳು ಸಾಯುತ್ತದೆ, ಹುಳು ಸತ್ತರೆ ಮಸಾಲೆಯಿಲ್ಲ, ಮಸಾಲೆಯಿಲ್ಲದೆ ಆ ನಾಡಿಗೆ ಕಿಮ್ಮತ್ತಿಲ್ಲ.

ಸರಣಿಯ ಶಿಖರ ನನ್ನ ಮಟ್ಟಿಗೆ 1981ರ ‘ಗಾಡ್ ಎಂಪರರ್ ಆಫ್ ಡ್ಯೂನ್’. ಮೂರೂವರೆ ಸಾವಿರ ವರ್ಷ ಕಳೆದಿದೆ, ಅಜ್ಜನ ಹೆಸರನ್ನೇ ಹೊತ್ತ ಪಾಲ್‌ನ ಮಗ ಲೆಟೊ ಅರ್ಧ ಹುಳುವಾಗಿ ಇನ್ನೂ ಆಳುತ್ತಿದ್ದಾನೆ. ಅರಾಕಿಸಿನಲ್ಲಿ ಕಾಡಿದೆ, ತುಂಬಿ ಹರಿಯುವ ನದಿಯಿದೆ, ಮರಳುಗಾಡನ್ನು ಒಂದು ಮೂಲೆಯಲ್ಲಿ ಬೇಲಿ ಹಾಕಿದ ಹಾಗೆ ಉಳಿಸಲಾಗಿದೆ. ಅಲ್ಲಿ ಮ್ಯೂಸಿಯಂ ಫ್ರೆಮೆನ್ ಎಂಬ ಬಡಪಾಯಿಗಳಿದ್ದಾರೆ. ಅರ್ಥ ಮರೆತ ಹಳೆಯ ವಿಧಿಗಳನ್ನು, ನೋಡಲು ಬಂದ ಯಾತ್ರಿಕರ ಮುಂದೆ ಆಡಿ ತೋರಿಸುವುದು ಅವರ ಹೊಟ್ಟೆಪಾಡು. ನಮ್ಮ ಜಿಲ್ಲೆಯ ಸಮಾರಂಭವೊಂದರಲ್ಲಿ ಶಾಲೆಯ ಹುಡುಗನೊಬ್ಬನಿಗೆ ಪಂಚೆ ಉಡಿಸಿ, ಹೆಗಲಿಗೆ ಗುದ್ದಲಿ ಕೊಟ್ಟು, ಕೊರಳಿಗೆ ‘ನೀರಗಂಟಿ’ ಎಂಬ ಫಲಕ ತೂಗುಹಾಕಿ ಮೆರವಣಿಗೆಯಲ್ಲಿ ನಡೆಸಿದ್ದನ್ನು ಕಂಡಾಗ ನನಗೆ ಈ ಪುಸ್ತಕ ನೆನಪಾಯಿತು. ಇದರಲ್ಲಿ ಘಟನೆ ಕಡಿಮೆ, ಮಾತು ವಿಪರೀತ. ನೂರು ಪುಟ ದಾಟಿದವರಿಗೆ ಮಾತ್ರ ಒಲಿಯುತ್ತದೆ. 1984ರ ಐದನೆಯದೂ 1985ರ ಆರನೆಯದೂ ಉತ್ಸಾಹವಿದ್ದರೆ ಓದಬಹುದಾದವು. ಆರನೆಯದರಲ್ಲಿ ಸನ್ಯಾಸಿನಿಯರು ಹುಳುಗಳನ್ನು ಸಾಕಲೆಂದು ತಮ್ಮ ಹಸಿರು ಗ್ರಹವನ್ನೇ ಬೇಕೆಂದು ಮರಳುಗಾಡು ಮಾಡುತ್ತ, ತೋಟದ ಮರಗಳು ಒಂದೊಂದಾಗಿ ಒಣಗುವುದನ್ನು ನೋಡುತ್ತ ಕೂರುವ ಭಾಗ ಮರೆಯುವಂಥದ್ದಲ್ಲ. 1986ರಲ್ಲಿ ಹರ್ಬರ್ಟ್ ತೀರಿಕೊಂಡ ಮೇಲೆ ಮಗ ಬ್ರಯಾನ್ ಇನ್ನೊಬ್ಬ ಲೇಖಕನ ಜೊತೆಗೂಡಿ ಬರೆದ ಪುಸ್ತಕಗಳು ಸಾಲುಸಾಲಾಗಿವೆ. ಅವನ್ನು ಬಿಟ್ಟರೆ ನಷ್ಟವಿಲ್ಲ.

ಮಸಾಲೆಯ ಕತೆಗೆ ಕೋಲಾರದಲ್ಲಿ ಬೇರೆ ಪಾಠವೇ ಬೇಕಿಲ್ಲ, ಕೆಜಿಎಫ್ ಇದೆ. ಒಂದು ಲೋಹಕ್ಕಾಗಿ ನೆಲದಡಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದ ಊರದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಅಲ್ಲಿಗೆ ಹೋಯಿತು, ಬೇತಮಂಗಲದ ಕೆರೆಯ ನೀರು ಪೈಪಿನಲ್ಲಿ ಅಲ್ಲಿಗೆ ಹರಿಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿನ್ನ ಸೋಸಿ ಎಸೆದ ಸೈನೈಡ್ ಮಣ್ಣಿನ ದಿಬ್ಬಗಳು ಉಳಿದವು. ಬೂದಿ ಬಣ್ಣದ, ಮಳೆ ಕೊರೆದ ಗೀರುಗಳಿರುವ, ಹುಲ್ಲೂ ಸರಿಯಾಗಿ ಹಿಡಿಯದ ಆ ದಿಬ್ಬಗಳ ನುಣುಪು ಮಣ್ಣು ಆಷಾಢದ ಗಾಳಿಗೆ ಎದ್ದು ಮನೆಗಳ ಮೇಲೆ ಕೂರುತ್ತದೆ. ಗಾಳಿಯ ದಿನ ಅವುಗಳ ತುದಿಯಲ್ಲಿ ನಿಂತವನಿಗೆ ಡ್ಯೂನಿನ ಮರಳ ಬಿರುಗಾಳಿಯ ವರ್ಣನೆಯನ್ನು ಇನ್ನೊಬ್ಬರು ಓದಿ ಹೇಳಬೇಕಾಗಿಲ್ಲ.

ಈಗ ತೆರೆಯ ಮಾತು. ಈ ಸರಣಿಯ ಯಾವುದೇ ರೂಪಾಂತರವನ್ನು ನಾನು ಅಳೆಯುವ ಕೋಲು ಒಂದೇ: ಅದು ನೀರನ್ನು ಹೇಗೆ ನಡೆಸಿಕೊಂಡಿದೆ? 1970ರ ದಶಕದಲ್ಲಿ ಚಿಲಿ ಮೂಲದ ನಿರ್ದೇಶಕ ಹೊಡೊರೊವ್ಸ್ಕಿ ಕಟ್ಟಿದ ಭಾರೀ ಯೋಜನೆ ತೆರೆಗೆ ಬರಲೇ ಇಲ್ಲ. ಆ ಸೋಲನ್ನು ಕುರಿತು 2013ರಲ್ಲಿ ಬಂದ ಸಾಕ್ಷ್ಯಚಿತ್ರ ಬಹಳ ಖುಷಿ ಕೊಡುತ್ತದೆ. 1984ರಲ್ಲಿ ಡೇವಿಡ್ ಲಿಂಚ್ ಮಾಡಿದ ಚಿತ್ರ ಎರಡೂಕಾಲು ಗಂಟೆಯಲ್ಲಿ ಇಡೀ ಕಾದಂಬರಿಯನ್ನು ತುರುಕಲು ಹೋಗಿ ಏದುಸಿರು ಬಿಡುತ್ತದೆ. ವೇಷಭೂಷಣ, ಹುಳು, ಅರಮನೆಗಳ ವೈಭವ ಇಂದಿಗೂ ನೋಡುವಂತಿದೆ. ಆದರೆ ಕೊನೆಯಲ್ಲಿ ಪಾಲ್ ಗೆದ್ದ ಕೂಡಲೇ ಆಕಾಶದಿಂದ ಮಳೆ ಸುರಿಯುತ್ತದೆ, ಜನ ಮುಖವೆತ್ತಿ ನೆನೆಯುತ್ತಾರೆ. ಪುಸ್ತಕದಲ್ಲಿ ಇದಿಲ್ಲ, ಇರುವಂತೆಯೂ ಇಲ್ಲ, ಏಕೆಂದರೆ ಆ ಮಳೆ ಹುಳುಗಳನ್ನೂ ಮಸಾಲೆಯನ್ನೂ ಒಟ್ಟಿಗೆ ಕೊಲ್ಲುತ್ತದೆ. ಮಳೆ ಬಂದರೆ ಕತೆ ಸುಖಾಂತ ಎಂದು ಬರ ಕಾಣದವರಿಗೆ ಮಾತ್ರ ಅನ್ನಿಸಬಲ್ಲದು ಎಂದು ಬಹಳ ಕಾಲ ಈ ಚಿತ್ರವನ್ನು ಹೀಗಳೆಯುತ್ತಿದ್ದೆ. ಆಮೇಲೆ, ಅದೇ ದೃಶ್ಯವನ್ನು ತಂದೆಯೊಂದಿಗೆ ಕುಳಿತು ನೋಡುವಾಗ, ಇಡೀ ಸಿನಿಮಾಕ್ಕೆ ತೂಕಡಿಸುತ್ತಿದ್ದ ಅವರು ಅದೊಂದು ಕಡೆ ಎದ್ದು ಕುಳಿತು, ‘ಬಂತಲ್ಲಪ್ಪ’ ಎಂದರು. ಅಂದಿನಿಂದ ಹೀಗಳೆಯುವುದನ್ನು ಬಿಟ್ಟೆ. ತಪ್ಪು ಎನ್ನುವುದನ್ನು ಮಾತ್ರ ಬಿಟ್ಟಿಲ್ಲ.

2000ದಲ್ಲಿ ಅಮೆರಿಕದ ಟೀವಿಗಾಗಿ ಜಾನ್ ಹ್ಯಾರಿಸನ್ ಮಾಡಿದ ಮೂರು ಕಂತುಗಳ ಧಾರಾವಾಹಿ ಬಡತನದಲ್ಲಿ ಮಾಡಿದ್ದು, ಮರಳುಗಾಡಿನ ಹಿಂದಿನ ಪರದೆ ಬಣ್ಣ ಬಳಿದದ್ದೆಂದು ಕಣ್ಣಿಗೆ ಹೊಡೆಯುತ್ತದೆ. ಆದರೂ ಕಾದಂಬರಿಯ ರಾಜಕಾರಣಕ್ಕೆ ಅತಿ ನಿಷ್ಠವಾದದ್ದು ಇದೇ. ಔತಣಕ್ಕೂ ಇದರಲ್ಲಿ ಜಾಗವಿದೆ. 2003ರಲ್ಲಿ ಬಂದ ಇದರ ಮುಂದುವರಿಕೆ, ಎರಡನೆಯ ಮತ್ತು ಮೂರನೆಯ ಪುಸ್ತಕಗಳನ್ನು ಕೂಡಿಸಿ ಹೆಣೆದದ್ದು, ಮೊದಲಿನದಕ್ಕಿಂತ ಬಿಗಿಯಾಗಿದೆ. ನಾಟಕ ನೋಡುವ ಕಣ್ಣಿನಿಂದ ನೋಡಿದರೆ ಎರಡೂ ಇಷ್ಟವಾಗುತ್ತವೆ.

ಡೆನಿ ವಿಲ್‌ನೆವ್ ನಿರ್ದೇಶನದ ಮೊದಲ ಭಾಗ 2021ರ ಅಕ್ಟೋಬರಿನಲ್ಲಿ ನಮ್ಮಲ್ಲಿ ತೆರೆಕಂಡಿತು, ಮರುವರ್ಷ ಆರು ಆಸ್ಕರ್ ಪಡೆಯಿತು. ಜೋರ್ಡಾನಿನ ವಾದಿ ರಮ್ ಮತ್ತು ಅಬುಧಾಬಿಯ ನಿಜವಾದ ಮರಳಿನಲ್ಲಿ ತೆಗೆದದ್ದರಿಂದ ಬಿಸಿಲು ಬಿಸಿಲಿನಂತೆಯೇ ಕಾಣುತ್ತದೆ. ಖರ್ಜೂರದ ಮರಗಳಿಗೆ ನೀರೆರೆಯುವ ಮಾಲಿಯೊಡನೆ ಪಾಲ್ ಆಡುವ ಮಾತು ಒಂದು ನಿಮಿಷದ್ದು. ಮುಂದೆ ಶತ್ರುಗಳು ನುಗ್ಗಿದ ರಾತ್ರಿ ಆ ಮರಗಳು ಪಂಜಿನಂತೆ ಉರಿಯುವಾಗ ಎಷ್ಟು ಜನರ ನೀರು ಉರಿಯುತ್ತಿದೆ ಎಂಬ ಲೆಕ್ಕ ತಾನಾಗಿಯೇ ಮನಸ್ಸಿಗೆ ಬರುತ್ತದೆ. ಔತಣವನ್ನು ಮಾತ್ರ ಪೂರ್ತಿ ಬಿಟ್ಟಿದ್ದಾರೆ, ಅದನ್ನು ನಾನು ಕ್ಷಮಿಸಿಲ್ಲ. ಈ ಚಿತ್ರ ನೋಡಿ ಊರಿಗೆ ಬಂದ ಕೆಲವೇ ವಾರಗಳಲ್ಲಿ, ಆ ವರ್ಷದ ನವೆಂಬರ್ ಮಳೆಗೆ, ನಮ್ಮೂರಿನ ಕೆರೆ ಕೋಡಿ ಬಿತ್ತು. ಏರಿಯ ಮೇಲೆ ಜನ ಸೇರಿ ಗಂಗಮ್ಮನಿಗೆ ಬಾಗಿನ ಬಿಟ್ಟರು. ಅದೇ ಮಳೆಗೆ ಟೊಮ್ಯಾಟೊ ಗಿಡದಲ್ಲೇ ಕೊಳೆತು, ಹಣ್ಣಿದ್ದ ನಾಲ್ಕು ಜನ ಶ್ರೀಮಂತರಾದರು, ಉಳಿದವರು ಸಾಲಗಾರರಾದರು.

2024ರ ಎರಡನೆಯ ಭಾಗದ ಆರಂಭದಲ್ಲೇ ಫ್ರೆಮೆನ್ನರು ಸತ್ತ ಹಾರ್ಕೊನೆನ್ ಸೈನಿಕರ ದೇಹದಿಂದ ನೀರು ಹೀರುತ್ತಾರೆ. ಆ ನೀರಿನಲ್ಲಿ ರಾಸಾಯನಿಕ ಹೆಚ್ಚು, ಕುಡಿಯಲಾಗದು, ಯಂತ್ರಗಳನ್ನು ತಣಿಸಲಾದರೂ ಆದೀತು ಎಂದು ಸ್ಟಿಲ್ಗರ್ ಹೇಳಿದಾಗ ನನ್ನ ಪಕ್ಕದಲ್ಲಿದ್ದ ನರಸಾಪುರದ ಗೆಳೆಯ ‘ಕೆ.ಸಿ. ವ್ಯಾಲಿ’ ಎಂದು ಪಿಸುಗುಟ್ಟಿದ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಹರಿದದ್ದು ಅವನೂರಿನ ಕಡೆಗೇ. ತಿಂಗಳು ತುಂಬುವಷ್ಟರಲ್ಲಿ ಆ ನೀರಿನಲ್ಲಿ ನೊರೆ ಕಂಡು ವಿಷಯ ನ್ಯಾಯಾಲಯಕ್ಕೆ ಹೋಯಿತು, ಆಮೇಲೆ ಮತ್ತೆ ಹರಿಯಿತು. ಬತ್ತಿದ ಬೋರುಗಳಲ್ಲಿ ನೀರೆದ್ದಿದ್ದು ನಿಜ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ರೈತರು ಕೇಳುತ್ತಲೇ ಇರುವುದೂ ನಿಜ. ಬಂದ ನೀರಿಗೆ ಕೈಮುಗಿಯಬೇಕೋ ಅದನ್ನು ಪರೀಕ್ಷೆಗೆ ಕಳಿಸಬೇಕೋ ಎಂಬ ಈ ಇಬ್ಬಂದಿಯನ್ನು ಬಲ್ಲವರಿಗೆ ಸ್ಟಿಲ್ಗರನ ಮಾತು ತಮಾಷೆಯಾಗಿ ಕೇಳಿಸಲಾರದು.

ವಿಲ್‌ನೆವ್ ಮಾಡಿದ ದೊಡ್ಡ ಬದಲಾವಣೆ ಚಾನಿಯದು. ಪುಸ್ತಕದಲ್ಲಿ ಅವಳು ಪಾಲ್‌ನ ನಿಷ್ಠಾವಂತ ಸಂಗಾತಿ. ಚಿತ್ರದಲ್ಲಿ ಅವಳು ಭವಿಷ್ಯವಾಣಿಯನ್ನು ನಂಬುವುದಿಲ್ಲ, ಕೊನೆಗೆ ಅವನ ಜಯಘೋಷಕ್ಕೆ ಬೆನ್ನು ಹಾಕಿ ಹುಳುವನ್ನು ಕರೆದು ಹೊರಡುತ್ತಾಳೆ. ಕಾದಂಬರಿಯಲ್ಲಿ ಈ ಎಚ್ಚರಿಕೆ ಬರುವುದು ಮರಳಿನಲ್ಲಿ ಸಾಯುತ್ತಿರುವ ಲಿಯೆಟ್ ಕೈನ್ಸ್‌ನ ಭ್ರಮೆಯಲ್ಲಿ: ಅವನ ಸತ್ತ ತಂದೆ ಪಾರ್ಡಟ್ ಎದುರು ನಿಂತು, ನಿನ್ನ ಜನರಿಗೆ ಬರಬಹುದಾದ ಅತಿ ಘೋರ ವಿಪತ್ತೆಂದರೆ ಒಬ್ಬ ವೀರನ ಕೈಗೆ ಸಿಕ್ಕುವುದು ಎಂಬರ್ಥದ ಮಾತನ್ನು, ಮೇಷ್ಟರು ಪಾಠ ಒಪ್ಪಿಸುವ ದನಿಯಲ್ಲಿ ಹೇಳುತ್ತಾನೆ. ಚಿತ್ರ ಆ ಭ್ರಮೆಯನ್ನು ಕೈಬಿಟ್ಟು, ಮಾತಿನ ಭಾರವನ್ನು ಚಾನಿಯ ಮುಖದ ಮೇಲೆ ಹಾಕಿದೆ. ಪುಸ್ತಕದ ಮೊದಲ ಓದುಗರು ತಪ್ಪಿಸಿಕೊಂಡ ಮಾತನ್ನು ನೋಡುಗರು ತಪ್ಪಿಸಿಕೊಳ್ಳದಂತೆ ಮಾಡಿದ ಜಾಣತನವಿದು. ‘ಮೆಸ್ಸಾಯ’ವನ್ನು ಆಧರಿಸಿದ ಮೂರನೆಯ ಚಿತ್ರವನ್ನು 2026ರ ಡಿಸೆಂಬರಿಗೆ ಗೊತ್ತುಮಾಡಿದ್ದಾರೆ, ಪುಸ್ತಕವನ್ನು ಅದಕ್ಕೆ ಮೊದಲೇ ಓದಿಕೊಳ್ಳುವುದು ಒಳ್ಳೆಯದು, ಇನ್ನೂರು ಚಿಲ್ಲರೆ ಪುಟ. ಕತೆಗೆ ಹತ್ತು ಸಾವಿರ ವರ್ಷ ಹಿಂದಿನ ಕಾಲದ ‘ಡ್ಯೂನ್: ಪ್ರಾಫೆಸಿ’ ಧಾರಾವಾಹಿ 2024ರ ಕೊನೆಗೆ ಬಂತು. ತಬು ಇದ್ದಾರೆಂದು ನೋಡಿದೆ, ತಬು ಚೆನ್ನಾಗಿದ್ದಾರೆ.

ಆರಂಭಿಸುವವರು ಮೊದಲ ಪುಸ್ತಕದ ಕತೆಗೆ ಕೈಹಾಕುವ ಮೊದಲು ಕೊನೆಯ ಪದಕೋಶಕ್ಕೊಂದು ಗುರುತು ಇಟ್ಟುಕೊಳ್ಳಲಿ, 2021ರ ಚಿತ್ರವನ್ನು ಮೊದಲು ನೋಡಿದ್ದರೂ ಅಡ್ಡಿಯಿಲ್ಲ, ಹೆಸರುಗಳಿಗೆ ಮುಖ ಸಿಗುತ್ತದೆ. ‘ಮೆಸ್ಸಾಯ’ ಬೇಸರ ತರಿಸಿದರೆ ಬಿಡದೆ ಮುಂದಕ್ಕೆ ಹೋಗಲಿ.

ನನ್ನ ಪ್ರತಿಯ ಕತೆಯನ್ನು ಮುಗಿಸಿಬಿಡುತ್ತೇನೆ. ಅನುಬಂಧಗಳಿವೆ ಎಂದು ತಿಳಿದ ಮೇಲೆ, ಗೆಳೆಯನೊಬ್ಬನ ಹೊಸ ಪ್ರತಿಯಿಂದ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಹಳೆಯ ಪುಸ್ತಕದ ಜೊತೆ ಸೇರಿಸಿ ಕೋಲಾರದ ಬೈಂಡರೊಬ್ಬರಿಗೆ ಕೊಟ್ಟಿದ್ದೆ. ವಾರದ ನಂತರ ಹೋದಾಗ ನೀಲಿ ಕ್ಯಾಲಿಕೊ ಹೊದಿಸಿ, ಅಂಚು ಕತ್ತರಿಸಿ, ಗಟ್ಟಿಯಾಗಿ ಹೊಲಿದು ಇಟ್ಟಿದ್ದರು. ಮನೆಗೆ ಬಂದು ತೆರೆದು ನೋಡಿದರೆ ಜೆರಾಕ್ಸ್ ಹಾಳೆಗಳನ್ನು ಕತೆಯ ಮುಂದೆ ಹೊಲಿದುಬಿಟ್ಟಿದ್ದಾರೆ: ಮೊದಲು ಮರಳಿಗೆ ಹುಲ್ಲು ನೆಡುವ ಅಧ್ಯಾಯ, ಆಮೇಲೆ ಪಾಲ್. ಬಿಚ್ಚಿ ಸರಿಮಾಡಿಕೊಡುತ್ತೇನೆ ಎಂದು ಅವರು ಎರಡು ಸಲ ಹೇಳಿದರು. ಬೇಡವೆಂದೆ.